ಕತ್ತಿನ ರಫೂ

ಕುಲ್ಸುಂ ಬೀಗೆ ಜಂಭ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ತುಮಕೂರಿನ ಹೊರಪೇಟೆಯಲ್ಲಿ ಅವಳ ಮಾತು ಬಂದರೆ ಜನ ಮೊದಲು ಹೇಳುತ್ತಿದ್ದದ್ದೂ ಅದನ್ನೇ. ಆದರೆ ಪುಕ್ಕಟೆ ಬಂದ ಜಂಭವಲ್ಲ ಸ್ವಾಮಿ ಅದು. ಕುಣಿಗಲ್ಲಿನಲ್ಲಿ ರಫೂ ಕೆಲಸಕ್ಕೆ ಹೆಸರಾಗಿದ್ದ ಬುಡನ್ ಸಾಬರ ಮಗಳು ಅವಳು. ಇಲಿ ಕಡಿದ ಜರಿ ಸೀರೆಯಾಗಲಿ, ಬೀಡಿ ಕಿಡಿ ಬಿದ್ದ ಉಣ್ಣೆ ಕೋಟಾಗಲಿ, ಬುಡನ್ ಸಾಬರು ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಕಿತ್ತು ತೂತಿನಲ್ಲಿ ನೇಯ್ದುಬಿಡುತ್ತಿದ್ದರು. ಆಮೇಲೆ ಬಟ್ಟೆಯ ಯಜಮಾನನಿಗೇ ತೂತು ಎಲ್ಲಿತ್ತೆಂದು ಗೊತ್ತಾಗುತ್ತಿರಲಿಲ್ಲ. ಸ್ಟಡ್ ಫಾರ್ಮಿನ ಸಾಹೇಬರ ಕೋಟುಗಳು ಕೂಡ ಅವರ ಬಾಗಿಲಿಗೇ ಬರುತ್ತಿದ್ದವು. ಅಪ್ಪನ ಸೂಜಿ, ಅಪ್ಪನ ಕಣ್ಣು, ಅಪ್ಪನ ಜಂಭ, ಮೂರನ್ನೂ ಕುಲ್ಸುಂ ತವರಿನಿಂದ ಹೊತ್ತುಕೊಂಡೇ ಗಂಡನ ಮನೆಗೆ ಬಂದಿದ್ದಳು.

ಗಂಡ ಇಸಾಕ್ ಸಾಬರದು ಬೇರೆಯೇ ಕಸುಬು. ಶಿಕಾರಿಯವರು ಹೊಡೆದು ತಂದ ಪ್ರಾಣಿಯ ಚರ್ಮ ಹದ ಮಾಡಿ, ಅದರೊಳಗೆ ತಲೆಯ ಅಚ್ಚು ಕೂರಿಸಿ, ಗಾಜಿನ ಕಣ್ಣಿಟ್ಟು, ಗೋಡೆಗೆ ತೂಗುಹಾಕುವಂತೆ ಮಾಡಿಕೊಡುವುದು. ಮೈಸೂರಿನಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಕಲಿತು ಬಂದಿದ್ದರು. ಅದು ಎಪ್ಪತ್ತೊಂದನೇ ಇಸವಿ. ಶಿಕಾರಿಗೆ ಸರ್ಕಾರವೇ ಪರ್ಮಿಟ್ಟು ಕೊಡುತ್ತಿದ್ದ ಕಾಲ. ಅಂಗಡಿಯ ಮುಂದೆ ಜೀಪು ನಿಂತರೆ ಹೊರಪೇಟೆಯ ಮಕ್ಕಳೆಲ್ಲ ಓಡಿ ಬರುತ್ತಿದ್ದವು. ಅಚ್ಚು ಕೂರಿಸುವುದು, ಕಣ್ಣಿಡುವುದು ಇಸಾಕ್ ಸಾಬರದು. ಚರ್ಮ ಹೊಲಿಯುವುದೆಲ್ಲ ಕುಲ್ಸುಂಳದು. ಆದರೆ ಗಿರಾಕಿಯ ಮುಂದೆ ಅವರು "ಇದು ನನ್ನ ಕೆಲಸ" ಎಂದೇ ಹೇಳುವರು. ಒಳಗೆ ಕೂತ ಅವಳಿಗೆ ಮೈ ಉರಿಯುತ್ತಿತ್ತು.

ಶಿಕಾರಿಗೆ ಹೊರಟವರಿಗೆ ಇಸಾಕ್ ಸಾಬರು ತಪ್ಪದೆ ಹೇಳುವ ಮಾತುಗಳಿದ್ದವು. ಪ್ರಾಣೀನ ನೆಲದ ಮೇಲೆ ಎಳೀಬೇಡಿ, ಕೂದಲು ಸವೆದುಹೋಗುತ್ತೆ. ಬಿಸಿಲಲ್ಲಿ ಬಿಡಬೇಡಿ, ಕೂದಲು ಉದುರುತ್ತೆ. ಸುಲಿದ ಚರ್ಮಕ್ಕೆ ಅವತ್ತೇ ಉಪ್ಪು ತಿಕ್ಕಿ, ಕಿವಿಯ ಬುಡ, ತುಟಿಯ ಸಂದು ಬಿಡಬೇಡಿ. ಎಲ್ಲಕ್ಕಿಂತ ಹೆಚ್ಚಾಗಿ, ಗಂಟಲಿಗೆ ಚಾಕು ಹಾಕಬೇಡಿ. ಗಂಟಲು ಕೊಯ್ದ ಚರ್ಮ ತಂದರೆ ಹಂಗೇ ವಾಪಸ್ಸು.

ಈ ಕೊನೆಯ ಮಾತಿನಲ್ಲೇ ಇದ್ದದ್ದು ತಂಟೆ. ಶಿಕಾರಿಗೆ ಹೋಗುವ ಗುಂಪಿನಲ್ಲಿ ಸಾಬರು ಇದ್ದೇ ಇರುತ್ತಿದ್ದರು. ಗುಂಡು ತಿಂದು ಬಿದ್ದ ಪ್ರಾಣಿಗೆ ಇನ್ನೂ ಉಸಿರಿರುವಾಗಲೇ ಬಿಸ್ಮಿಲ್ಲಾ ಹೇಳಿ ಗಂಟಲು ಕೊಯ್ದರೆ ಮಾಂಸ ಹಲಾಲ್. ಅಷ್ಟರೊಳಗೆ ಪ್ರಾಣ ಹೋದರೆ ಅದನ್ನು ಮುಟ್ಟುವಂತಿಲ್ಲ. ಪಾತ್ರೆಗೆ ಬೇಕಾದರೆ ಗಂಟಲು ಕೊಯ್ಯಲೇಬೇಕು, ಗೋಡೆಗೆ ಬೇಕಾದರೆ ಕೊಯ್ಯಲೇಬಾರದು. ತಿಳಿದವರು ಇದು ಪಾತ್ರೆಗೆ, ಇದು ಗೋಡೆಗೆ ಅಂತ ಮೊದಲೇ ಮಾತಾಡಿಕೊಂಡು ಹೋಗುತ್ತಿದ್ದರು.

ಮಾತಾಡಿಕೊಳ್ಳದೆ ಹೋದವರು ಗುಬ್ಬಿಯ ಚನ್ನವೀರಯ್ಯನವರು ಮತ್ತು ಕುಲ್ಸುಂಳ ತಮ್ಮ ಅಕ್ರಂ ಪಾಷಾ.

ಚನ್ನವೀರಯ್ಯನವರು ಕೊಬ್ಬರಿ ಮಂಡಿಯ ಸಾಹುಕಾರರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮೊಟ್ಟೆಯ ಹೆಸರು ಕೇಳಿದರೂ ಮುಖ ಸಿಂಡರಿಸುವ ಮನೆತನ. ಆದರೂ ಕೋವಿಯ ಹುಚ್ಚು ಹೇಗೋ ಹತ್ತಿಕೊಂಡಿತ್ತು. ತಾಯಿ ಶಿವರುದ್ರಮ್ಮನವರು "ಆ ಪಾಪ ನಮ್ಮ ಮನೆ ಮೇಲೆ ಹೇರಬೇಡ ಕಣೋ" ಎಂದು ಬೇಡಿಕೊಂಡರೂ ಬಿಡಲಿಲ್ಲ. ಪಾಪ ಬರುವ ಭಯವೇನೂ ಇರಲಿಲ್ಲ ಬಿಡಿ, ಏಕೆಂದರೆ ಅವರ ಗುಂಡು ಅದುವರೆಗೂ ಒಂದು ಮೊಲಕ್ಕೂ ತಾಗಿರಲಿಲ್ಲ. ಗುಬ್ಬಿಯ ಸಂತೆಯಲ್ಲಿ ಹಿಂದಿನಿಂದ 'ಗಾಳಿಗುಂಡಿನ ಸಾಹುಕಾರ' ಎಂದು ಆಡಿಕೊಳ್ಳುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು.

ಅಕ್ರಂ ಅವರ ಜೀಪಿನ ಡ್ರೈವರು. ಬರೀ ಡ್ರೈವರಲ್ಲ, ಜೊತೆಗಾರ. ಆ ಜೀಪಿನ ಸ್ಟೇರಿಂಗನ್ನು ಬೇರೆಯವರು ಮುಟ್ಟಕೂಡದು, ಮುಂದಿನ ಸೀಟಿನಲ್ಲಿ ಅವರಿಬ್ಬರ ನಡುವೆ ಮೂರನೆಯವರು ಕೂರಕೂಡದು. ತಾಯಿ ಸತ್ತಾಗ ಅಕ್ರಂ ಇನ್ನೂ ಅಂಬೆಗಾಲಿಡುತ್ತಿದ್ದ ಕೂಸು. ಕುಲ್ಸುಂಳೇ ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಅವನು ಸಾಹುಕಾರರ ಪಕ್ಕ ಜೀಪಿನಲ್ಲಿ ಕೂತು ಪೇಟೆಯಲ್ಲಿ ಹಾದುಹೋದರೆ ಅವಳು ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಜೀಪು ಬಂತು. ಆದರೆ ಸ್ಟೇರಿಂಗ್ ಹಿಡಿದವರು ಚನ್ನವೀರಯ್ಯನವರು. ಅಕ್ರಂ ಹಿಂದೆ, ಉಪ್ಪಿನ ಗೋಣಿಯ ಪಕ್ಕ, ತಲೆ ತಗ್ಗಿಸಿ ಕೂತಿದ್ದ.

"ನೋಡ್ರೀ ಇಸಾಕ್ ಸಾಬ್ರೇ, ನೋಡ್ರೀ ನನ್ ಹಣೆಬರಾನ!" ಸಾಹುಕಾರರು ಗೋಣಿ ಬಿಚ್ಚಿಸಿದರು. ಗಂಡು ಕೃಷ್ಣಮೃಗದ ತಲೆ, ಹೆಗಲವರೆಗಿನ ಚರ್ಮದ ಸಮೇತ. ಮಿರಮಿರ ಮಿಂಚುವ ಕರಿ ಕತ್ತು, ಕಣ್ಣಿನ ಸುತ್ತ ಬಿಳಿ ಬಳೆ, ಹುರಿ ಹೊಸೆದಂಥ ಉದ್ದ ಕೊಂಬು. ಹತ್ತೂರಲ್ಲಿ ಹುಡುಕಿದರೂ ಅಂಥ ತಲೆ ಸಿಗುತ್ತಿರಲಿಲ್ಲ. ಗದ್ದದ ಬಿಳುಪು ಮುಗಿದು ಕಪ್ಪು ಶುರುವಾಗುವಲ್ಲಿ ಮಾತ್ರ ಈ ಕಡೆಯಿಂದ ಆ ಕಡೆಗೆ ಬಾಯಿ ಬಿಟ್ಟ ಗಾಯ. ಕತ್ತಿ ಎರಡು ಸಲ ಆಡಿತ್ತು. ನಡುವಿನ ಚರ್ಮ ಚಿಂದಿಯಾಗಿ ಉದುರಿಹೋಗಿತ್ತು.

"ಏನ್ಲಾ ಇದು?" ಇಸಾಕ್ ಸಾಬರು ಭಾವಮೈದನನ್ನು ನೋಡಿದರು. "ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಭಾವ," ಅಕ್ರಂ ತಲೆ ಎತ್ತದೆಯೇ ಹೇಳಿದ. "ಗುಂಡು ತೊಡೆಗೆ ಬಿದ್ದಿತ್ತು. ಮೂರು ಕಾಲಲ್ಲೇ ಓಡ್ತು ನೋಡಿ, ಹೊಲ ಎಲ್ಲ ದಾಟಿ ಹಳ್ಳದವರೆಗೂ ಅಟ್ಟಿಸ್ಕೊಂಡು ಹೋದೆ. ಕೊಂಬು ಹಿಡಿದು ಕೆಡವಿದೆ. ಉಸಿರು ಹೋಗೋದ್ರೊಳಗೆ ಆಗ್ಬೇಕಲ್ಲ ಅಂತ, ಬಿಸ್ಮಿಲ್ಲಾ ಅಂದಿದ್ದೇ ಗೊತ್ತು, ಕೈ ತಾನಾಗೇ ಹೋಯ್ತು. ಗೋಡೆಗೆ ಅನ್ನೋದು ಆಮೇಲೆ ಗ್ಯಾಪ್ಕ ಬಂತು."

"ಗುಂಡು ಎಲ್ಲಿ ಬಿತ್ತು ಅಂತ ಯಾವನಾದ್ರೂ ಕೇಳಿದ್ನಾ ನಿನ್ನ?" ಚನ್ನವೀರಯ್ಯನವರು ಗುಡುಗಿದರು. "ಜನ್ಮದಲ್ಲಿ ಒಂದು ಸಲ ತಾಗಿತ್ತು ಕಣ್ರೀ ನನ್ ಗುಂಡು, ಒಂದೇ ಸಲ! ಗೋಡೆ ಮೇಲೆ ಹಾಕಿ ಗುಬ್ಬಿಯೋರ ಬಾಯಿ ಮುಚ್ಚಿಸೋಣ ಅಂತಿದ್ದೆ. ಇವ್ನು ಅದರ ಕತ್ತು ಕುಯ್ದು ಇವ್ರ ಬೀದಿಯೋರಿಗೆಲ್ಲ ಸಾರು ಮಾಡಿಸ್ದ!"

"ಗಂಟ್ಲು ಕುಯ್ದಿದ್ದು ನಾನು ತಗೊಳಲ್ಲ ಸಾವ್ಕಾರ್ರೇ," ಎಂದರು ಇಸಾಕ್ ಸಾಬರು. "ಇದು ನನ್ನ ಕೆಲಸ, ನಂಗೊತ್ತು. ಗಂಟ್ಲಲ್ಲಿ ಕೂದಲು ಗಿಡ್ಡ. ಹೊಲಿಗೆ ಮುಚ್ಚೋಕೆ ಅಲ್ಲಿ ಏನೂ ಇಲ್ಲ. ಚರ್ಮ ಒಣಗ್ತಾ ಬಿಗಿಯುತ್ತೆ, ಎಷ್ಟು ಹೊಲಿದ್ರೂ ಬಾಯಿ ಬಿಡುತ್ತೆ. ಊರೆಲ್ಲ ನಂಗೆ ಉಗೀತಾರೆ."

"ಹಂಗಾದ್ರೆ ಕೇಳ್ಕೊಳೋ ಅಕ್ರಂ. ಇನ್ನು ನೀನು ನನ್ ಜೀಪು ಹತ್ತಬೇಡ, ನನ್ ಮುಖ ನೋಡಬೇಡ."

ಅಕ್ರಂ ಅಲ್ಲಾಡಲಿಲ್ಲ. ಕೊರಳ ಸೆರೆ ಉಬ್ಬಿದ್ದು ಮಾತ್ರ ಪರದೆಯ ಸಂದಿನಿಂದ ಕುಲ್ಸುಂಗೆ ಕಂಡಿತು. ಅವಳು ಚಿಕ್ಕವನನ್ನು ಎತ್ತಿ ಆಡಿಸಿದವಳು, ಆ ಸೆರೆ ಉಬ್ಬಿದರೆ ಆಮೇಲೆ ಅಳುವೇ ಎಂದು ಅವಳಿಗೆ ಗೊತ್ತಿತ್ತು. ಸೆರಗು ತಲೆಗೆಳೆದುಕೊಂಡು ಸೀದಾ ಹೊರಗೆ ಬಂದು, ಗಿರಾಕಿ ಗಂಡಸರು ಇದ್ದಾರೆನ್ನುವುದನ್ನೂ ನೋಡದೆ, ಗಾಯದ ಎರಡು ತುಟಿಗಳನ್ನೂ ಬೆರಳಲ್ಲಿ ಹಿಡಿದು ಸೇರಿಸಿ ನೋಡಿದಳು.

"ಇದನ್ನ ಇಲ್ಲಿಟ್ಟು ಹೋಗಿ ಸಾವ್ಕಾರ್ರೇ."

"ಲೇ ಕುಲ್ಸುಂ!" ಎಂದರು ಇಸಾಕ್ ಸಾಬರು.

"ನೀವು ಸುಮ್ನಿರ್ರೀ. ನಾನು ಕುಣಿಗಲ್ ಬುಡನ್ ಸಾಬ್ರ ಮಗಳು. ಸಾವ್ಕಾರ್ರೇ, ಯುಗಾದಿ ಹೊತ್ತಿಗೆ ನಿಮ್ಮ ಗೋಡೆ ಮೇಲೆ ಇರುತ್ತೆ ಇದು. ಹೊಲಿಗೆ ಇಲ್ಲೈತೆ ಅಂತ ಯಾರಾದ್ರೂ ಬೆರಳಿಟ್ಟು ತೋರಿಸಿಬಿಡ್ಲಿ, ನಮ್ಮಪ್ಪನ ಸೂಜೀನ ಕುಣಿಗಲ್ ಕೆರೆಗೆ ಎಸೀತೀನಿ. ಇನ್ನು ಜನ್ಮದಲ್ಲಿ ಸೂಜಿ ಮುಟ್ಟಲ್ಲ. ಯಾರೂ ತೋರಿಸ್ಲಿಲ್ಲ ಅನ್ನಿ, ನನ್ ತಮ್ಮನ್ನ ನೀವೇ ಕರೆದು ಜೀಪಿನ ಕೀ ಕೊಡ್ಬೇಕು."

ಸಾಹುಕಾರರು ಅವಳನ್ನೊಮ್ಮೆ, ಜಿಂಕೆಯ ತಲೆಯನ್ನೊಮ್ಮೆ ನೋಡಿದರು. "ಆಗ್ಲಿ ತಾಯಿ," ಎಂದು ಜೀಪು ಹತ್ತಿದವರು ಅಕ್ರಂನನ್ನು ಹತ್ತಿಸಿಕೊಳ್ಳದೆಯೇ ಹೋದರು. ಅವನು ಬಸ್ಸಿಗೆ ಗುಬ್ಬಿಯ ತನ್ನ ಮನೆಗೆ ಹೋದ.

ಇಸಾಕ್ ಸಾಬರು ಹೆಂಡತಿಯ ಮೇಲೆ ಮುನಿಸಿಕೊಂಡರು. ಮುನಿಸಿದ್ದರೂ ಕೈ ಸುಮ್ಮನಿರಲಿಲ್ಲ. ತಲೆಬುರುಡೆಯಿಂದ ಚರ್ಮ ಬಿಡಿಸಿದರು, ತುಟಿ ಸೀಳಿದರು, ಕಿವಿಯನ್ನು ಚೀಲದ ಹಾಗೆ ಒಳಮಗ್ಗುಲು ಹೊರಗೆ ಮಾಡಿ ಉಪ್ಪು ತಿಕ್ಕಿದರು. ಗಂಟಲಿನ ರಕ್ತ ಕೂದಲಿಗೆ ಅಂಟಿ ಗಟ್ಟಿಯಾಗಿತ್ತು. ಅದನ್ನು ಕುಲ್ಸುಂ ತಣ್ಣೀರಲ್ಲಿ ನೆನೆಹಾಕಿ, ಎಣ್ಣೆ ಕಾಣದ ಹಣಿಗೆಯಿಂದ ಎಳೆ ಎಳೆಯಾಗಿ ಬಿಡಿಸಿದಳು. ಬಿಸಿನೀರು ತಾಗಿದರೆ ಕೂದಲು ಬುಡಸಮೇತ ಕೈಗೆ ಬರುತ್ತದೆ. ಆಮೇಲೆ ಚರ್ಮ ಹದಕ್ಕೆ ಬರಲೆಂದು ಪಟಕದ ನೀರಲ್ಲಿ ಮುಳುಗಿ ಕೂತಿತು.

ಹದವಾದ ಚರ್ಮ ಕೈಗೆ ಬಂದಾಗ ಕುಲ್ಸುಂಗೆ ನಿಜವಾದ ಕಷ್ಟ ಕಂಡಿತು. ಗಾಯದ ನಡುವೆ ಮೆಂತ್ಯದ ಸೊಪ್ಪಿನ ಎಲೆಯಷ್ಟು ಅಗಲ ಚರ್ಮವೇ ಇಲ್ಲ. ಎಳೆದು ಸೇರಿಸಿದರೆ ಬಿಗಿಯುತ್ತದೆ, ಬಿಗಿದರೆ ಗಂಡ ಹೇಳಿದಂತೆ ಬಾಯಿ ಬಿಡುತ್ತದೆ. ತೇಪೆ ಬೇಕು. ಬೇರೆ ಚರ್ಮದ ತೇಪೆ ಹಾಕಿದರೆ ಕುರುಡನಿಗೂ ಕಾಣುತ್ತದೆ. ಅಪ್ಪ ಏನು ಮಾಡುತ್ತಿದ್ದರು? ಅದೇ ಬಟ್ಟೆಯ ಒಳಮಡಿಕೆ ಬಿಚ್ಚುತ್ತಿದ್ದರು. ಈ ತಲೆಗೂ ಒಳಮಡಿಕೆ ಇತ್ತು. ಹೆಗಲಿನ ಹತ್ತಿರ ಚರ್ಮದ ಅಂಚನ್ನು ಮರದ ಹಲಗೆಯ ಹಿಂದಕ್ಕೆ ಮಡಚಿ ಮೊಳೆ ಹೊಡೆಯುತ್ತಿದ್ದರು, ಅದು ಯಾರ ಕಣ್ಣಿಗೂ ಬೀಳದ ಜಾಗ. ಅಲ್ಲಿ ಗಂಟಲಿನ ಕಪ್ಪಿಗೆ ಸರಿಹೊಂದುವ ಕೂದಲು ಸಿಗುವವರೆಗೆ ಹುಡುಕಿ, ಕೂದಲು ಯಾವ ಕಡೆ ಮಲಗಿದೆ ಎಂದು ನೋಡಿ, ಒಂದು ಸಣ್ಣ ಪಟ್ಟಿ ಕತ್ತರಿಸಿಕೊಂಡಳು.

"ಹೊಲಿದ್ರೂ ಒಣಗುವಾಗ ಬಿಡುತ್ತೆ ಕಣೇ," ಇಸಾಕ್ ಸಾಬರು ಕೊನೆಗೂ ಬಾಯಿ ಬಿಟ್ಟರು.

"ಅಚ್ಚಿನ ಕತ್ತು ಬಗ್ಗಿಸಿ."

"ಏನು?"

"ನೀವು ಎಲ್ಲಾ ಜಿಂಕೇನೂ ಆಕಾಶ ನೋಡೋ ಹಂಗೆ ಗದ್ದ ಎತ್ತಿ ಕೂರಿಸ್ತೀರ. ಗದ್ದ ಎತ್ತಿದ್ರೆ ಗಂಟ್ಲು ಬಿಗೀತದೆ. ಇದು ತಲೆ ತಗ್ಗಿಸಿ, ಒಂಚೂರು ಪಕ್ಕಕ್ಕೆ ತಿರುಗಿ ನೋಡ್ಲಿ. ಆಗ ಗಂಟ್ಲಲ್ಲಿ ಚರ್ಮ ಸಡಿಲ ಕೂರುತ್ತೆ."

"ನಮ್ ಉಸ್ತಾದ್ರು ಯಾವತ್ತೂ..."

"ನಿಮ್ ಉಸ್ತಾದ್ರು ಗಂಟ್ಲು ಕುಯ್ದಿದ್ದು ವಾಪಸ್ ಕಳಿಸ್ತಿದ್ರು. ಅವ್ರಿಗೆ ಹೆಂಗೆ ಗೊತ್ತಾಗ್ಬೇಕು ಇದೆಲ್ಲ?"

ಇಸಾಕ್ ಸಾಬರು ಗೊಣಗುತ್ತಲೇ ಅಚ್ಚಿನ ಕತ್ತು ಕೊಯ್ದು, ಬಗ್ಗಿಸಿ, ಮತ್ತೆ ಕೂಡಿಸಿದರು. ಗೊಣಗಿದರೂ ಮಾಡಿದರಲ್ಲ, ಅದು ಅವರ ದೊಡ್ಡತನ.

ಇನ್ನು ಹೊಲಿಗೆಯದು ಹೇಳುವಂಥದ್ದಲ್ಲ, ನೋಡಬೇಕಾಗಿತ್ತು. ಸೂಜಿಯನ್ನು ಒಳಮಗ್ಗುಲಿನಿಂದ ಚರ್ಮದ ಅರ್ಧ ದಪ್ಪಕ್ಕೆ ಮಾತ್ರ ಇಳಿಸಬೇಕು, ಹೊರಗೆ ಮೊನೆ ಕಾಣಬಾರದು. ಒಂದು ಕೂದಲೂ ದಾರಕ್ಕೆ ಸಿಕ್ಕಿಕೊಳ್ಳಬಾರದು. ಕುಲ್ಸುಂ ರೇಷ್ಮೆಯ ಎಳೆಯನ್ನು ಸೀಳಿ ಅದರಲ್ಲಿ ಒಂದು ಪಾಲು ತೆಗೆದುಕೊಂಡಳು. ಬೆಳಗಿನ ಬಿಸಿಲು ಕಿಟಕಿಗೆ ಬಂದ ಹೊತ್ತಿನಲ್ಲಿ ಕೂತು, ಬಿಸಿಲು ಹೋದ ಕೂಡಲೇ ಏಳುವಳು. ದೀಪದ ಬೆಳಕಿನಲ್ಲಿ ಅಪ್ಪ ಯಾವತ್ತೂ ಸೂಜಿ ಹಿಡಿದವರಲ್ಲ. ಮನೆಗೆ ಬಂದ ನೆಂಟರಿಗೆ ಟೀ ಸಿಗಲಿಲ್ಲ, ಗಂಡನಿಗೆ ಎಷ್ಟೋ ದಿನ ಬರೀ ಚಟ್ನಿಯಲ್ಲಿ ಊಟವಾಯಿತು. ಹೊಲಿಗೆ ಮುಗಿದ ಮೇಲೆ ಚರ್ಮವನ್ನು ಅಚ್ಚಿಗೆ ತೊಡಿಸಿ, ಕಿವಿಗೆ ರಟ್ಟು ಕಟ್ಟಿ, ಗಂಟಲ ಕೂದಲನ್ನು ಹಣಿಗೆಯಲ್ಲಿ ಮಲಗಿಸಿ ಒಣಗಲು ಬಿಟ್ಟರು. ಆ ದಿನಗಳಲ್ಲಿ ಕುಲ್ಸುಂ ಎದ್ದ ಕೂಡಲೇ ಮುಖ ತೊಳೆಯುವ ಮೊದಲು ಗಂಟಲು ನೋಡಲು ಓಡುತ್ತಿದ್ದಳು. ಬಾಯಿ ಬಿಡಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಇಸಾಕ್ ಸಾಬರು ಕನ್ನಡಕ ಹಾಕಿಕೊಂಡು ತಲೆಯ ಮುಂದೆ ಕೂತರು. ನೋಡಿದರು, ಬೆರಳಾಡಿಸಿದರು, ಮತ್ತೆ ನೋಡಿದರು. "ಇದು ನನ್ನ ಕೆಲಸ" ಎನ್ನಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಬಸ್ಸಲ್ಲಿ ತಗೊಂಡೋಗೋಕಾಗಲ್ಲ, ಗಾಡಿ ಮಾತಾಡ್ತೀನಿ," ಎಂದು ಎದ್ದುಹೋದರು.

ಯುಗಾದಿಯ ಮಾರನೆಯ ದಿನ ಗುಬ್ಬಿಯಲ್ಲಿ ಚನ್ನವೀರಯ್ಯನವರ ಹಜಾರ ತುಂಬಿಹೋಗಿತ್ತು. ಮಂಡಿಯವರು, ನೆಂಟರು, ಬೀದಿಯವರನ್ನೆಲ್ಲ ಸಾಹುಕಾರರು ಕಾಫಿ ಉಪ್ಪಿಟ್ಟಿಗೆ ಕರೆದಿದ್ದರು. ಜನ ಬರುವ ಮೊದಲೇ ಅವರು ಕಿಟಕಿಯ ಬೆಳಕಿನಲ್ಲಿ ಗಂಟಲನ್ನು ಹುಡುಕಿ ಹುಡುಕಿ, ಭೂತಗನ್ನಡಿ ತರಿಸಿ ಅದರಲ್ಲೂ ಹುಡುಕಿ, ಕೊನೆಗೆ ಗಹಗಹಿಸಿ ನಕ್ಕುಬಿಟ್ಟರು. "ಸೋತೆ ತಾಯಿ, ಸೋತೆ!" ಬಾಗಿಲ ಹೊರಗೆ ನಿಂತಿದ್ದ ಅಕ್ರಂನನ್ನು ತಾವೇ ಹೋಗಿ ಕೈ ಹಿಡಿದು ಎಳೆತಂದರು. "ಬಾರೋ ಒಳಗೆ. ತಗೋ ಕೀ. ನೀನಿಲ್ದೆ ಜೀಪು ಮುಟ್ಟೋಕೂ ಮನಸ್ಸಾಗ್ಲಿಲ್ಲ, ಜಟಕಾ ಗಾಡೀಲಿ ಕೂತು ಕೂತು ಸೊಂಟ ಬಿದ್ದೋಯ್ತು ಕಣೋ." ಅಕ್ರಂ ಕೀಯನ್ನು ಜೇಬಿಗೆ ಹಾಕಿಕೊಳ್ಳದೆ ಮುಷ್ಟಿಯಲ್ಲೇ ಬಿಗಿಯಾಗಿ ಹಿಡಿದುಕೊಂಡ. ಕುಲ್ಸುಂ ಹೆಂಗಸರ ಸಾಲಿನಲ್ಲಿ ಗೋಡೆಗೊರಗಿ, ಇಡೀ ಗುಬ್ಬಿಯೇ ತನ್ನದೆನ್ನುವ ಹಾಗೆ ಕೂತಳು.

ಎಲ್ಲ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಜನ ತುಂಬಿದ ಮೇಲೆ ಸಾಹುಕಾರರ ಬಾಯಿ ನಿಲ್ಲಬೇಕಲ್ಲ!

"ಒಂದೇ ಗುಂಡು ಕಣ್ರಪ್ಪಾ," ಎಂದು ಕಾಫಿ ಲೋಟ ಎತ್ತಿದರು. "ಆಚೆ ದಿಬ್ಬದ ಮೇಲೆ ನಿಂತಿತ್ತು. ಢಂ ಅಂದೆ. ನಿಂತ ಜಾಗದಲ್ಲೇ ಪ್ರಾಣ ಹೋಯ್ತು. ಒಂದು ಕಾಲೂ ಆಡಿಸ್ಲಿಲ್ಲ. ಏನೋ ಅಕ್ರಂ?"

ಅಕ್ರಂ ನಕ್ಕ ಅಷ್ಟೆ.

ಗಂಡಸರ ಸಾಲಿನಿಂದ ನಯಾಜ್ ಅಹಮದರು ಎದ್ದರು. ಅಕ್ರಂನ ಬೀದಿಯ ಹಿರಿಯರು, ತೊಗಲು ಮಂಡಿಯವರು. ಮಸೀದಿಯಲ್ಲಿ ಮುಂದಿನ ಸಾಲಿನ ಮನುಷ್ಯ. ಗೋಡೆಯ ಹತ್ತಿರ ಹೋಗಿ, ತೊಗಲು ನೋಡುವ ಹಾಗೆಯೇ ಕೂದಲನ್ನು ಹಿಂದಕ್ಕೂ ಮುಂದಕ್ಕೂ ಸವರಿ ಗಂಟಲು ನೋಡಿದರು. ಮುಖ ಗಂಟಾಯಿತು.

"ಅಕ್ರಂ, ಬಾ ಇಲ್ಲಿ. ಇದೇ ಜಿಂಕೆ ಮಾಂಸ ತಾನೆ ನೀನು ನಮ್ ಬೀದಿಗೆಲ್ಲ ಹಂಚಿದ್ದು? ನಮ್ಮನೇಲಿ ಖುರ್ಮಾ ಮಾಡಿದ್ರು. ಮಸೀದಿ ಇಮಾಮರ ಮನೆಗೂ ಹೋಗಿತ್ತು."

"ಹೌದು ಚಾಚಾ."

"ನಿಂತಲ್ಲೇ ಪ್ರಾಣ ಹೋಯ್ತು ಅಂತವ್ರೆ ಸಾವ್ಕಾರ್ರು. ಹುಟ್ಟಿದಾಗಿಂದ ತೊಗಲಿನ ಮಧ್ಯ ಬೆಳೆದೋನು ನಾನು, ಈ ಗಂಟ್ಲಿಗೆ ಕತ್ತಿ ತಾಗೇ ಇಲ್ಲ. ನಮಗೆಲ್ಲ ಏನು ತಿನ್ನಿಸ್ದೆ ನೀನು?"

ಹಜಾರದವರೆಲ್ಲ ಅಕ್ರಂನ ಕಡೆ ತಿರುಗಿದರು.

"ನಾನು ಹಲಾಲ್ ಮಾಡಿದೀನಿ ಚಾಚಾ," ಎಂದ ಅಕ್ರಂ. ಅಷ್ಟೇ ಅಂದ. ತೊಡೆಗೆ ಬಿದ್ದ ಗುಂಡು, ಹೊಲದಲ್ಲಿ ಓಡಿದ್ದು, ಯಾವುದೂ ಅವನ ಬಾಯಿಂದ ಬರಲಿಲ್ಲ. ಮುಷ್ಟಿಯಲ್ಲಿ ಜೀಪಿನ ಕೀ ಇತ್ತಲ್ಲ. ಊರವರ ಮುಂದೆ ಸಾಹುಕಾರರನ್ನು ಸುಳ್ಳುಗಾರರನ್ನಾಗಿ ಮಾಡುವವನಲ್ಲ ಅವನು.

"ಎಲ್ಲಿ ಮಾಡಿದೀಯ? ತೋರಿಸು."

ಅಕ್ರಂ ಗಂಟಲು ನೋಡಿದ. ತಾನೇ ಕೊಯ್ದ ಗಂಟಲು! ಅವನಿಗೂ ಏನೂ ಕಾಣಲಿಲ್ಲ.

ಕುಲ್ಸುಂಗೆ ಮುಂದಾಗುವುದೆಲ್ಲ ಹೊಳೆದುಹೋಯಿತು. ಬೀದಿಗೆಲ್ಲ ಹರಾಮ್ ತಿನ್ನಿಸಿದವನು ಎಂಬ ಹೆಸರು ಒಮ್ಮೆ ಅಂಟಿತೆಂದರೆ ಮುಗಿಯಿತು. ಯಾರೂ ಅವನ ಮನೆಯ ನೀರು ಮುಟ್ಟುವುದಿಲ್ಲ, ಅವನಿಗೆ ಹೆಣ್ಣು ಕೊಡುವುದಿಲ್ಲ. ತನ್ನ ಜಂಭವೇ ತಮ್ಮನ ಕೊರಳಿಗೆ ಬಂತಲ್ಲ! ಸೂಜಿ ಕೆರೆಗೆ ಹೋಗುವುದಾದರೆ ಹೋಗಲಿ. ಅವಳು ಎರಡನೇ ಯೋಚನೆ ಮಾಡಲಿಲ್ಲ. ಎದ್ದು ಗಂಡಸರ ನಡುವೆ ದಾರಿ ಮಾಡಿಕೊಂಡು ಗೋಡೆಯ ಹತ್ತಿರ ಬಂದಳು.

"ಸರ್ಕೊಳ್ಳಿ ಆ ಕಡೆ. ಕತ್ತಿ ಹಾಕಿದ್ದು ನಿಜ. ಹೊಲಿದೋಳು ನಾನು. ನಾನೇ ಬೆರಳಿಟ್ಟು ತೋರಿಸ್ತೀನಿ."

ಸೊಂಟದ ಚೀಲದಿಂದ ಹಣಿಗೆ ತೆಗೆದು ಗದ್ದದ ಬಿಳುಪಿನ ಕೆಳಗೆ ಕೂದಲನ್ನು ಬೈತಲೆ ತೆಗೆದ ಹಾಗೆ ಎರಡು ಕಡೆಗೆ ಬಿಡಿಸಿದಳು. ಅಲ್ಲಿ ಬರೀ ಚರ್ಮ. ಇನ್ನೊಂಚೂರು ಕೆಳಗೆ ಬಿಡಿಸಿದಳು. ಇಲ್ಲ. ಬೆರಳು ಎಂಜಲು ಮಾಡಿ ಕೂದಲು ಒದ್ದೆ ಮಾಡಿ ನೋಡಿದಳು, ಉಗುರಿನಿಂದ ಸವರಿದಳು. ಇದೇ ಬೆರಳು, ಇದೇ ಕಣ್ಣು. ಎಷ್ಟು ಬೆಳಗು ಆ ಒಂದು ಗೀಟನ್ನೇ ನೋಡುತ್ತಾ ಕೂತಿದ್ದಳು! ಈಗ ಅವಳ ಹೊಲಿಗೆ ಅವಳಿಗೇ ಸಿಗುತ್ತಿಲ್ಲ. ಒಂದು ಕ್ಷಣ, ದೇವರ ಸತ್ಯವಾಗಿಯೂ ಒಂದೇ ಕ್ಷಣ, ಅವಳಿಗೆ ತಮ್ಮ ಮರೆತುಹೋದ. ಅಬ್ಬಾ, ಏನು ಕೈ ಕಣೇ ನಿನ್ನದು ಎಂದು ಎದೆ ಉಬ್ಬಿ ಬಂತು. ಆಮೇಲೆ ತಮ್ಮ ನೆನಪಾದ.

"ಇಲ್ಲೇ ಇತ್ತು," ಎಂದಳು. "ಅಲ್ಲಾನ ಮೇಲಾಣೆ, ಇಲ್ಲೇ ಎಲ್ಲೋ ಇತ್ತು!"

"ಇಲ್ಲ ಅಂತಾನೇ ನಾನೂ ಹೇಳ್ತಿರೋದು ಬೇಟಿ," ಎಂದರು ನಯಾಜ್ ಅಹಮದರು. ಅವರ ದನಿಯಲ್ಲಿ ಕೋಪಕ್ಕಿಂತ ಬೇಜಾರೇ ಇತ್ತು. "ತಮ್ಮನ್ನ ಉಳಿಸ್ಬೇಕು ಅಂತ ಸುಳ್ಳು ಹೇಳ್ಬೇಡ." ಬಾಗಿಲ ಹತ್ತಿರ ಕೂತಿದ್ದ ಅಕ್ರಂನ ಬೀದಿಯವರು ಒಬ್ಬೊಬ್ಬರಾಗಿ ಏಳತೊಡಗಿದರು.

"ಕೂತ್ಕೊಳಿ!"

ಕೂಗಿದವರು ಚನ್ನವೀರಯ್ಯನವರು. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು. ಮುಖ ವಿಭೂತಿಗಿಂತ ಬೆಳ್ಳಗಾಗಿತ್ತು. ಅವರು ಅಕ್ರಂನನ್ನೇ ನೋಡುತ್ತಿದ್ದರು, ಅಕ್ರಂ ನೆಲ ನೋಡುತ್ತಿದ್ದ.

"ನಯಾಜ್ ಸಾಬ್ರೇ, ಸಂಕ್ರಾಂತಿ ಆದ್ಮೇಲಿಂದ ನಾನು ಇವನ ಜೊತೆ ಮಾತು ಬಿಟ್ಟಿದ್ದೆ. ಯಾಕೆ ಅಂತ ಗೊತ್ತಾ? ಡೀಸೆಲ್ ಕದ್ದ ಅಂತ ಒಬ್ರು, ಜೀಪು ಗುದ್ದಿದ ಅಂತ ಒಬ್ರು ಆಡ್ಕೊಂಡ್ರಿ. ಅದ್ಯಾವ್ದೂ ಅಲ್ಲ. ನನ್ ಜಿಂಕೆ ಕತ್ತು ಕುಯ್ದ ಅಂತ. ಕುಯ್ದಿದ್ದು ನಾನು ಈ ಕಣ್ಣಾರೆ ಕಂಡಿದೀನಿ. ಅದಕ್ಕೇ ಸಿಟ್ಟು ಬಂದಿದ್ದು. ಕುಯ್ದೇ ಇದ್ದಿದ್ರೆ ನಂಗ್ಯಾಕೆ ಸಿಟ್ಟು ಬರ್ತಿತ್ತು?"

"ಆದ್ರೆ ನಿಂತಲ್ಲೇ ಸತ್ತಿದ್ದನ್ನ ಆಮೇಲೆ ಕುಯ್ದ್ರೆ..."

"ಸತ್ತಿರ್ಲಿಲ್ಲ ಕಣ್ರೀ!" ಸಾಹುಕಾರರು ಒಮ್ಮೆ ಸುತ್ತ ಕೂತ ಊರವರನ್ನೆಲ್ಲ ನೋಡಿದರು. ಮಂಡಿಯವರು, ನೆಂಟರು, ಗಾಳಿಗುಂಡು ಎಂದು ಆಡಿಕೊಂಡವರು, ಎಲ್ಲರೂ ಇದ್ದರು. "ನನ್ ಗುಂಡು ತೊಡೆಗೆ ಬಿತ್ತು. ಎದೆಗೆ ಇಟ್ಟಿದ್ದು, ತೊಡೆಗೆ ಬಿತ್ತು. ಅದು ಓಡ್ತು. ಇವ್ನು ಹಳ್ಳದವರೆಗೂ ಅಟ್ಟಿಸ್ಕೊಂಡು ಹೋಗಿ, ಒದೀತಾ ಇದ್ದಿದ್ದನ್ನ ಕೊಂಬು ಹಿಡಿದು ಕೆಡವಿ, ದೇವ್ರ ಹೆಸರು ಹೇಳಿ ಕುಯ್ದ. ನಾನು ಎಲ್ಲಾ ದೂರದಿಂದ ನೋಡ್ತಾನೇ ಬಂದೆ, ಏದುಸಿರು ಬಿಟ್ಕೊಂಡು ಹತ್ರ ಹೋಗೋ ಹೊತ್ತಿಗೆ ಕೆಲಸ ಮುಗಿದಿತ್ತು. ಈ ಜಿಂಕೆ ಹೊಡೆದೋನು ನಾನಲ್ಲ. ಅಕ್ರಂ. ಸಾಕಾ?"

ಯಾರೂ ನಗಲಿಲ್ಲ. ನಯಾಜ್ ಅಹಮದರು ಹತ್ತಿರ ಬಂದು ಸಾಹುಕಾರರ ಎರಡೂ ಕೈ ಹಿಡಿದುಕೊಂಡರು. "ಮಾಂಸದ ವಾಸನೆ ಕಂಡ್ರಾಗದ ಮನುಷ್ಯ ನೀವು. ನಮ್ಮ ಊಟಕ್ಕೆ ಸಾಕ್ಷಿ ಹೇಳೋಕೆ ನಿಮ್ಮ ಮಾನ ನೀವೇ ಕಳ್ಕೊಂಡ್ರಲ್ಲ, ಇದಕ್ಕಿಂತ ಇನ್ನೇನು ಬೇಕು?" ಎಂದವರು ಅಕ್ರಂನ ಕಡೆ ತಿರುಗಿ ಅವನ ತಲೆ ಸವರಿದರು. "ಮಾಫ್ ಮಾಡು ಮಗಾ. ತಪ್ಪು ನಿಂದಲ್ಲ, ನಿಮ್ಮಕ್ಕಂದು. ಹಿಂಗೂ ಹೊಲೀತಾರಾ?"

ಆಗ ನಡುಮನೆಯ ಬಾಗಿಲಿನಿಂದ ಶಿವರುದ್ರಮ್ಮನವರ ದನಿ ಬಂತು. ಅವರು ಬೆಳಿಗ್ಗೆಯಿಂದ ಆ ತಲೆಯ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. "ಹಂಗಾದ್ರೆ ನೀನು ಕೊಂದಿಲ್ಲ ಅನ್ನೋ ಚನ್ನವೀರ! ಶಿವಾ, ಬದುಕಿದೆ. ಲೇ ಅಕ್ರಂ, ಬಾ ಇಲ್ಲಿ, ಒಬ್ಬಟ್ಟು ಹಾಕ್ತೀನಿ ತಿನ್ನು." ಈಗ ಹಜಾರವೆಲ್ಲ ನಕ್ಕಿತು. ಮೊದಲು ನಕ್ಕವರು ಚನ್ನವೀರಯ್ಯನವರೇ. ಕುಲ್ಸುಂ ಮಾತ್ರ ಮುಖ ಗೋಡೆಗೆ ತಿರುಗಿಸಿ, ಕೆದರಿದ ಕೂದಲನ್ನು ಹಣಿಗೆಯಲ್ಲಿ ಮಲಗಿಸುತ್ತಾ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗಂಡ ಹೆಂಡತಿಯನ್ನು ತುಮಕೂರಿಗೆ ಬಿಡಲು ಅಕ್ರಂನೇ ಜೀಪು ತಂದ. ಪಕ್ಕದಲ್ಲಿ ಸಾಹುಕಾರರು, ಯಾವಾಗಿನ ಹಾಗೆ ನಡುವೆ ಯಾರೂ ಇಲ್ಲ. ಹಿಂದೆ ಕೂತ ಇಸಾಕ್ ಸಾಬರು ಊರು ದಾಟುವವರೆಗೂ ತಡೆದುಕೊಂಡು, ಆಮೇಲೆ ಹೆಂಡತಿಯ ಕಿವಿಯ ಹತ್ತಿರ ಬಗ್ಗಿದರು.

"ನಿಜ ಹೇಳು. ಸೂಜಿ ಉಳಿಸ್ಕೊಳ್ಳೋಕೆ ಬೇಕಂತಲೇ ಬೇರೆ ಜಾಗದಲ್ಲಿ ಹುಡುಕ್ದ್ಯಾ?"

"ನನ್ ತಮ್ಮನ ಮಾನ ಹೋಗ್ತಿರೋವಾಗ ಆಟ ಆಡ್ತೀನೇನ್ರೀ? ನಿಜವಾಗ್ಲೂ ಸಿಗ್ಲಿಲ್ಲ."

"ಬೆರಳಿಟ್ಟು ತೋರಿಸಿದ್ರೆ ಸೂಜಿ ಕೆರೆಗೆ ಅಂದಿದ್ದೆ. ಬೆರಳಿಟ್ಟೆ."

"ಬೆರಳಿಟ್ಟೆ. ತೋರಿಸೋಕಾಯ್ತಾ?" ಕುಲ್ಸುಂ ಗದ್ದ ಎತ್ತಿ ಕೂತಳು. ಸೂಜಿ ಅವಳ ಸೊಂಟದ ಚೀಲದಲ್ಲೇ ಇತ್ತು.

ಮುಂದಿನ ತಿಂಗಳು ಹುಲಿಯೂರುದುರ್ಗದ ಕಡೆಯವರು ಒಂದು ಕಡವೆಯ ತಲೆ ತಂದರು. ಗಂಟಲು ಕೊಯ್ದಿತ್ತು. ವಾಪಸ್ಸು ಹೋಗಬೇಕೆಂದು ಅವರೇ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ಇಸಾಕ್ ಸಾಬರು ಗಾಯ ನೋಡಿದರು, ಗಿರಾಕಿಯನ್ನು ನೋಡಿದರು, ಆಮೇಲೆ ಇಡೀ ಹೊರಪೇಟೆಗೆ ಕೇಳುವ ಹಾಗೆ ಒಳಕ್ಕೆ ಕೂಗಿದರು.

"ಕುಲ್ಸುಂ, ಬಾ ಹೊರಗೆ. ನಿನ್ನ ಕೆಲಸ ಬಂದೈತೆ."